ಸ್ಪಷ್ಟನೆ: 'ಸ್ಪ್ಯಾಡ್ 40ಕ್ಕಿಂತ ಕಡಿಮೆಯಾದರೆ ಯೂರಿಯಾ' ಎಂಬ ಸಂದೇಶ ತಪ್ಪು

'ಆಲೂಗಡ್ಡೆ ಎಲೆಯ ಸ್ಪ್ಯಾಡ್ ಮೀಟರ್ (ಎಲೆಯ ಹಸಿರು ಅಳೆಯುವ ಕೈ ಉಪಕರಣ) ಅಂಕಿ 40ಕ್ಕಿಂತ ಕೆಳಗಿಳಿದರೆ, ಯಾವ ತಳಿಯಾದರೂ ಯಾವ ಹಂತವಾದರೂ ತಕ್ಷಣ ಯೂರಿಯಾ ಕೊಡಿ' ಎಂಬ ಸಂದೇಶ ರೈತರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎಲ್ಲ ಹೊಲಕ್ಕೂ ಹೊಂದುವ ಅಂಥ ಅಂಕಿ ಇಲ್ಲ. ದಯವಿಟ್ಟು ಮುಂದೆ ಕಳಿಸಬೇಡಿ.

ಮೀಟರ್ ಅಳೆಯುವುದು ಯೂರಿಯಾ ಒದಗಿಸುವ ಸಾರಜನಕವನ್ನಲ್ಲ, ಹಸಿರನ್ನು: 650 ಮತ್ತು 940 ನ್ಯಾನೋಮೀಟರ್ ಬೆಳಕು ಎಲೆಯನ್ನು ಎಷ್ಟು ದಾಟಿತು ಎಂಬುದನ್ನು. ಈ ಹಸಿರು ತಳಿಯಿಂದ ತಳಿಗೆ ಬೇರೆ, ಬೆಳೆ ಬಲಿತಂತೆ ತಾನಾಗಿಯೇ ಇಳಿಯುತ್ತದೆ. ಮೆಗ್ನೀಸಿಯಂ, ಗಂಧಕ ಕಡಿಮೆಯಾದರೂ ಎಲೆ ಹಳದಿಯಾಗುತ್ತದೆ. ಅದಕ್ಕೆ ಯೂರಿಯಾ ಮದ್ದಲ್ಲ.

ನಂಬಬಹುದಾದ ದಾರಿ ಹೋಲಿಕೆ. ಬಿತ್ತನೆಯಲ್ಲೇ ಹೊಲದ ಒಂದು ಪಟ್ಟಿಗೆ ಸಾರಜನಕ ಕೊರತೆಯಾಗದಷ್ಟು ಕೊಟ್ಟು ಗುರುತು ಹಾಕಿ. ಗಿಡದ ತುದಿಯಿಂದ ನಾಲ್ಕನೆಯ ಎಲೆಯ ತುದಿಯ ಕಿರುಎಲೆಯನ್ನೇ, ನಡುನರ ತಪ್ಪಿಸಿ, ಇಬ್ಬನಿ ಆರಿದ ಮೇಲೆ ಅಳೆಯಿರಿ. ಮೀಟರ್ ಒಮ್ಮೆಗೆ ನೋಡುವುದು 2×3 ಮಿಲಿಮೀಟರ್ ಜಾಗ ಮಾತ್ರ, ಆದ್ದರಿಂದ ಪಟ್ಟಿಯಲ್ಲೂ ಹೊಲದಲ್ಲೂ ತಲಾ 30 ಗಿಡಗಳ ಸರಾಸರಿ ಬೇಕು. ಹೊಲದ ಸರಾಸರಿ ಪಟ್ಟಿಯ ಸರಾಸರಿಯ ಶೇ. 95ಕ್ಕಿಂತ ಕಡಿಮೆಯಿದ್ದರೆ ಮೇಲುಗೊಬ್ಬರ ಕೊಡಬಹುದು: ಪಟ್ಟಿ 44, ಹೊಲ 41 ಬಂದರೆ ಶೇ. 93, ಕೊಡಬಹುದು. ಪಟ್ಟಿ 40, ಹೊಲ 39 ಆದರೆ ಶೇ. 97.5, ಅಂಕಿ 40ಕ್ಕಿಂತ ಕೆಳಗಿದ್ದರೂ ಯೂರಿಯಾ ಬೇಡ.

ಹಾಸನದ ಮುಂಗಾರು ಬೆಳೆಯಲ್ಲಿ ಇದು ಇನ್ನೂ ಮುಖ್ಯ. ತಡವಾಗಿ ಹಾಕಿದ ಯೂರಿಯಾ ಸೊಪ್ಪನ್ನು ದಟ್ಟವಾಗಿಸಿ ತೇವ ಹಿಡಿದಿಡುತ್ತದೆ, ಅಂಗಮಾರಿ ರೋಗಕ್ಕೆ ಅದು ಅನುಕೂಲ. ಗೆಡ್ಡೆಯೂ ತಡವಾಗಿ ಬಲಿಯುತ್ತದೆ, ಕೀಳುವಾಗಲೇ ಸಿಪ್ಪೆ ಸುಲಿಯುತ್ತದೆ.