ಮಾವಿನ ಮರಕ್ಕೊಂದು ಜಾಮೀನು

ಗಿಡಮರಗಳಿಗೆ ಜೀವವಷ್ಟೇ ಅಲ್ಲ, ಮಾನ, ಮರ್ಯಾದೆ, ಮುನಿಸುಗಳೂ ಇವೆ ಎಂಬುದರಲ್ಲಿ ಮೈಸೂರಿನ ನಮ್ಮ ದೊಡ್ಡಮ್ಮನಿಗೆ ಎಳ್ಳಷ್ಟೂ ಸಂದೇಹವಿಲ್ಲ. ಸೂರ್ಯ ಮುಳುಗಿದ ಮೇಲೆ ಗಿಡಗಳು ಮಲಗುತ್ತವೆಂದು ಅವರು ಯಾರಿಗೂ ಹೂವು ಕೀಳಲು ಬಿಡುವುದಿಲ್ಲ. ರಾತ್ರಿ ನೆಂಟರು ಬಂದು ಒಗ್ಗರಣೆಗೆ ಕರಿಬೇವು ಬೇಕೇ ಬೇಕಾದಾಗ, ಗಿಡವನ್ನು ಮೆಲ್ಲಗೆ ತಟ್ಟಿ ಎಬ್ಬಿಸಿ, ಬಂದವರು ಯಾರ ಪೈಕಿ ಎಂಬುದನ್ನೆಲ್ಲ ವಿವರಿಸಿ, ಕ್ಷಮೆ ಕೇಳಿ ಎರಡು ಕಡ್ಡಿ ಮುರಿಯುವಷ್ಟರಲ್ಲಿ ಒಲೆಯ ಮೇಲಿನ ಸಾಸಿವೆ ಸೀದು ಕರಕಲಾಗಿರುತ್ತದೆ.

ನಗುವ ಹಾಗಿಲ್ಲ. 6ನೆಯ ಶತಮಾನದ ವರಾಹಮಿಹಿರನೇ ತನ್ನ ಬೃಹತ್ಸಂಹಿತೆಯಲ್ಲಿ, ವಿಗ್ರಹಕ್ಕಾಗಿ ಮರ ಕಡಿಯುವ ಮುನ್ನ ಅದನ್ನು ಪೂಜಿಸಿ, ಅಲ್ಲಿ ನೆಲೆಸಿದ ಭೂತಗಳು ಬಲಿಯನ್ನು ಸ್ವೀಕರಿಸಿ ಬೇರೆಡೆ ವಾಸ ಮಾಡಿಕೊಳ್ಳಲೆಂದು ಪ್ರಾರ್ಥಿಸುವ ಕ್ರಮವನ್ನು ಹೇಳಿದ್ದಾನೆ. (ಬಾಡಿಗೆದಾರರನ್ನು ಇಷ್ಟು ವಿನಯದಿಂದ ಬಿಡಿಸಿದ ಮನೆ ಮಾಲೀಕರನ್ನು ನಾನಂತೂ ಕಂಡಿಲ್ಲ.)

ಆದರೆ ಮರವನ್ನು ಮನೆಯವರೆಂದು ಬಗೆದ ಮೇಲೆ ಮನೆಯೊಳಗಿನ ಪಕ್ಷಪಾತವೂ ಅದಕ್ಕೆ ತಪ್ಪುವುದಿಲ್ಲ. ಅಂಗಳದ ತುಳಸಿಗೆ ಪ್ರತಿ ಕಾರ್ತಿಕ ಶುದ್ಧ ದ್ವಾದಶಿಯಂದು ನೆಲ್ಲಿಯ ಕೊಂಬೆಯೊಡನೆ ಮದುವೆಯ ಸಡಗರ; ಕಾಯಿ ಬಿಡದ ಹಿತ್ತಲಿನ ಮಾವಿಗೆ ಬೈಗುಳ. ಒಂದು ಸಂಜೆ ದೊಡ್ಡಪ್ಪ ಮಚ್ಚು ಹಿಡಿದು, "ಇಷ್ಟು ವರ್ಷ ತಿಂದು ತಿಂದು ಬೆಳೆದಿದ್ದೇ ಬಂತು, ಇವತ್ತು ಕಡಿದೇ ಹಾಕ್ತೀನಿ!" ಎಂದು ಗರ್ಜಿಸಿ ಬೊಡ್ಡೆಗೆ ಎರಡು ಕಚ್ಚು ಹಾಕಿದರು. ಮೊದಲೇ ಗೊತ್ತುಮಾಡಿಕೊಂಡಂತೆ ದೊಡ್ಡಮ್ಮ ಅಡ್ಡ ಬಂದು, "ಬೇಡ ಕಣ್ರೀ, ಇನ್ನೂ ಎಳೇದು, ಇದೊಂದು ವರ್ಷ ಬಿಟ್ಬಿಡಿ, ನಾನು ಜಾಮೀನು" ಎಂದು ಕೈಮುಗಿದರು.

ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸಿಗೆ ಕಾಂಪೌಂಡಿನಾಚೆಯಿಂದ ಕೇಳಿಸಿದ್ದು ಮಾತು ಮಾತ್ರ; ಮರ ಕಾಣಿಸಿರಲಿಲ್ಲ. ಗಂಡನನ್ನೂ, ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್ನನನ್ನು ಅವನ ಲಾಠಿಯ ಸಮೇತವೂ ಎಳೆದುಕೊಂಡು ಆಕೆ ಹಿತ್ತಲಿಗೆ ನುಗ್ಗಿದಾಗ ಕಂಡದ್ದು ಮಚ್ಚು ಎತ್ತಿದ ಗಂಡ, ಕೈಮುಗಿದ ಹೆಂಡತಿ. ಅಲ್ಲಿಯೇ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇದು ನಾಟಕವೆಂದು ಮರಕ್ಕೆ ಗೊತ್ತಾಗಬಾರದಲ್ಲ! ಬಾಯಿಯ ಮೇಲೆ ಬೆರಳಿಟ್ಟುಕೊಂಡು ದೊಡ್ಡಮ್ಮ ಮೂವರನ್ನೂ ಅಡುಗೆಮನೆಗೆ ಕರೆದೊಯ್ದು, ಬಾಗಿಲು ಹಾಕಿ, ಕಾಫಿ ಕೊಟ್ಟು ಪಿಸುದನಿಯಲ್ಲಿ ವಿವರಿಸುವವರೆಗೂ ದೊಡ್ಡಪ್ಪ ಮಚ್ಚು ಇಳಿಸದೆ, ಮುಖ ಸಡಿಲಿಸದೆ ಮರದ ಮುಂದೆಯೇ ನಿಂತಿದ್ದರು.

ಮರುವರ್ಷ ಮಾವು ಕಾಯಿ ಬಿಟ್ಟಿತು. ಎಲೆಗಳು ತಯಾರಿಸಿದ ಸಕ್ಕರೆ ತೊಗಟೆಯ ಒಳಪದರದ ಮೂಲಕ ಬೇರಿಗೆ ಇಳಿಯುತ್ತದೆ, ಅಲ್ಲಿ ಗಾಯವಾದರೆ ಅದು ಮೇಲೆಯೇ ಉಳಿದು ಹೂಕಾಯಿಗಳಿಗೆ ಒದಗಬಹುದು ಎಂದು ನಾನು ಹೇಳಿ ನೋಡಿದೆ. ದೊಡ್ಡಪ್ಪ ತಮ್ಮ ಗರ್ಜನೆಯನ್ನೂ ದೊಡ್ಡಮ್ಮ ತಮ್ಮ ಜಾಮೀನನ್ನೂ ಬಿಟ್ಟುಕೊಡಲಿಲ್ಲ. ಪಾಲಿನ ಹಣ್ಣು ಒಯ್ಯಲು ಬಂದ ಪಕ್ಕದ ಮನೆಯಾಕೆ ಮಾತ್ರ, "ಅಂಕಲ್, ನಮ್ಮ ನಿಂಬೆ ಗಿಡಕ್ಕೂ ಒಂದು ಸಲ ಬಂದು ಹೆದರಿಸಿ ಹೋಗ್ತೀರಾ?" ಎಂದು ಕೇಳಿದರು.

ದೊಡ್ಡಪ್ಪ ಗಂಭೀರವಾಗಿ, "ಹೆದರಿಸೋದೇನೋ ಹೆದರಿಸ್ತೀನಿ. ನಿಮ್ಮ ಕಡೆಯಿಂದ ಜಾಮೀನಿಗೆ ಯಾರಮ್ಮ?" ಎಂದರು.