ಜೀರೋ ಟಿಕೆಟ್

ಚಪ್ಪಲಿ ಬಿಡುವ ಮೊದಲೇ ಅಪ್ಪ ಕೇಳಿದ: "ನಾಳಿ ವಾಪಸ್ ಬಸ್ ಎಷ್ಟಕ್ಕ ಅದ?"

ಅವ್ವ ಇನ್ನೂ ಲಿಫ್ಟಿನಿಂದ ಪೂರ್ತಿ ಹೊರಗೂ ಬಂದಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳಬಾರದೆಂದು ಒಂದು ಕಾಲು ಅಡ್ಡ ಕೊಟ್ಟು, ಚೀಲಗಳನ್ನು ಒಂದೊಂದಾಗಿ ಹೊರಗೆ ದಬ್ಬುತ್ತಿದ್ದಳು. ತೊಗರಿಬ್ಯಾಳಿ, ಜೋಳದ ಹಿಟ್ಟು, ಡಬ್ಬಿ ತುಂಬ ಶೇಂಗಾ ಹಿಂಡಿ, ಕಮಲಾಪುರದ ಕೆಂಪು ಬಾಳೆಹಣ್ಣು, ಅದು ಜಜ್ಜಿಹೋಗದ ಹಾಗೆ ಸುತ್ತಿದ ಅಪ್ಪನ ಹಳೇ ಧೋತರ. ಸಾಮಾನು ನೋಡಿದರೆ ಸಂಸಾರ ಹೂಡಲಿಕ್ಕೆ ಬಂದವರ ಹಾಗಿತ್ತು. ಇರುವುದು ಮಾತ್ರ ಒಂದು ರಾತ್ರಿ.

ಕಲಬುರಗಿಯಿಂದ ಕಮಲಾಪುರ ನಲವತ್ತು ಕಿಲೋಮೀಟರೂ ಇಲ್ಲ. ಹುಮನಾಬಾದಿನ ಬಸ್ಸು, ಬೀದರಿನ ಬಸ್ಸು ಆ ದಾರಿಯಲ್ಲೇ ಹೋಗುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಇದು ಅಪ್ಪನಿಗೂ ಗೊತ್ತು. ಆದರೂ ಕೇಳಬೇಕು. ಅವರು ಬಂದಿರುವುದು ಮಗಳ ಮನೆಗೆ. ಮಗಳ ಮನೆಯಲ್ಲಿ ಹೆಚ್ಚು ಉಂಡರೆ ಋಣ ಏರುತ್ತದಂತೆ, ಅದಕ್ಕೇ ಉಣ್ಣುವ ಬ್ಯಾಳಿಯನ್ನೂ ಹೊತ್ತುಕೊಂಡೇ ಬರುತ್ತಾರೆ. "ಅಳಿಯಂದ್ರ ಮನ್ಯಾಗ ಎಷ್ಟಂತ ಇರೋದವ್ವಾ" ಅಂತಾನೆ ಅಪ್ಪ. ಅಳಿಯಂದ್ರ ಮನಿ! ಈ ಫ್ಲ್ಯಾಟಿನ ಸಾಲದ ಕಂತು ಯಾರ ಪಗಾರದಲ್ಲಿ ಕಟ್ ಆಗುತ್ತದೆ ಎಂಬುದರ ಪಾಸ್‌ಬುಕ್ಕನ್ನು ಒಮ್ಮೆ ಅಪ್ಪನ ಮುಂದೆ ಹಿಡಿದಿದ್ದೆ. ಕನ್ನಡಕ ಏರಿಸಿ ನೋಡಿ, "ಬಡ್ಡಿ ಭಾಳ ಆತಲ್ಲ" ಅಂದ. ಅಣ್ಣನ ಮನೆಯಲ್ಲಾದರೆ ಹಬ್ಬಕ್ಕೆಂದು ಹೋಗಿ ಅಮಾವಾಸ್ಯೆ ತನಕ ಇರುತ್ತಾರೆ. ಇರಲಿ.

ಅಪ್ಪನ ಬಸ್ಸಿನ ಚಿಂತೆಗೆ ಇನ್ನೊಂದು ಕಾರಣ ಇದೆ. ಅದನ್ನು ಹೇಳಬೇಕೆಂದರೆ ರೈಲಿನಿಂದ ಶುರು ಮಾಡಬೇಕು.

ನಾನು ಸಣ್ಣವಳಿದ್ದಾಗಿನಿಂದ ನಮ್ಮೂರ ಕಟ್ಟೆಯ ಮೇಲೆ ಬೀದರ್–ಕಲಬುರಗಿ ರೈಲಿನದೇ ಮಾತು. ಇವತ್ತು ಬರುತ್ತದೆ, ಮುಂದಿನ ಎಲೆಕ್ಷನ್ನಿಗೆ ಬರುತ್ತದೆ, ಯಾರದೋ ಹೊಲದಲ್ಲಿ ಗೂಟ ಹೊಡೆದರಂತೆ, ಯಾರಿಗೋ ಪರಿಹಾರ ಬಂತಂತೆ. ಸುಮಾರು 110 ಕಿಲೋಮೀಟರ್ ಹಳಿ ಹಾಕಲಿಕ್ಕೆ ಒಂದು ತಲೆಮಾರೇ ಹಿಡಿಯಿತು. ಮರಗುತ್ತಿ ಕಡೆ ಗುಡ್ಡ ಕೊರೆದು ಸುರಂಗ ಮಾಡುವಾಗ ಅಪ್ಪ ಹೊಲದ ಕೆಲಸ ಬಿಟ್ಟು ನೋಡಲು ಹೋಗುತ್ತಿದ್ದ. ತನ್ನದೇ ದುಡ್ಡಿನಲ್ಲಿ ಕೊರೆಸುತ್ತಿರುವವನಂತೆ ಸಂಜೆ ಬಂದು ವರದಿ ಒಪ್ಪಿಸುತ್ತಿದ್ದ: ಇವತ್ತು ಬಂಡಿ ಗಟ್ಟಿ ಹತ್ಯಾದ, ಮಷೀನ್ ಕೆಟ್ಟದ, ತಮಿಳುನಾಡಿನ ಮಂದಿ ಬಂದಾರ. ಕಡೆಗೂ 2017ರ ಅಕ್ಟೋಬರ್ 29ರಂದು ಬೀದರಿನಲ್ಲಿ ಪ್ರಧಾನಿ ಹಸಿರು ನಿಶಾನೆ ತೋರಿಸಿದರು. ಅಪ್ಪ ಹಳಿ ಪಕ್ಕ ನಿಂತು ಡಬ್ಬಿ ಎಣಿಸಿದ.

ಅದಾದ ಮೇಲೆ ಇವತ್ತಿನವರೆಗೆ ಆ ರೈಲು ಹತ್ತಿಲ್ಲ.

ಮೊದಮೊದಲು "ಗದ್ದಲ ಕಮ್ಮಿ ಆಗ್ಲಿ" ಅಂದ. ಆಮೇಲೆ ಸ್ಟೇಷನ್ ದೂರ, ಟಂಟಂನವ ಅಲ್ಲಿಗೆ ಜಾಸ್ತಿ ಕೇಳ್ತಾನ ಅಂದ. ಆಮೇಲೆ ಕೊರೊನಾ ಬಂತು. ಅದೆಲ್ಲ ಮುಗಿದು, ಒಂದು ದಿನ ಅಂಗಿ ಇಸ್ತ್ರಿ ಮಾಡಿಸಿಕೊಂಡು ಇನ್ನೇನು ಹತ್ತೇಬಿಡಬೇಕು ಅನ್ನುವಷ್ಟರಲ್ಲಿ 2023ರ ಜೂನ್ 11 ಬಂತು. ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ರೈಲಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿಗೆ ಅಪ್ಪನ ರೈಲು ಮುಗಿಯಿತು.

ಅವ್ವ ಹೇಳುವುದು ಸರಳ: "ಪುಕ್ಕಟೆ ಹೋಗೋದು ಬಿಟ್ಟು ರೊಕ್ಕ ಕೊಟ್ಟು ಯಾಕ ಹೋಗ್ಬೇಕು?" ಪ್ಯಾಸೆಂಜರ್ ರೈಲಿನ ಟಿಕೆಟ್ಟಿಗೆ ಒಂದು ಪ್ಲೇಟ್ ಮಿರ್ಚಿ ಭಜಿಯ ಖರ್ಚೂ ಆಗುವುದಿಲ್ಲ ಎಂದು ನಾನು ವಾದಿಸಿ ಸೋತೆ. ಅವಳಿಗೆ ಬೇಕಾದದ್ದು ಉಳಿತಾಯವಲ್ಲ, ಆ ಚೀಟಿ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಹರಿದು ಕೊಡುವ ಜೀರೋ ಟಿಕೆಟನ್ನು ಅವ್ವ ನಾಲ್ಕು ಮಡಿಕೆ ಮಾಡಿ ಎಲೆ-ಅಡಿಕೆ ಸಂಚಿಯಲ್ಲಿ ಇಡುತ್ತಾಳೆ. ಇಳಿದ ಮೇಲೂ ಒಗೆಯುವುದಿಲ್ಲ. ಗಾಣಗಾಪುರದ್ದು, ಹುಮನಾಬಾದ್ ಜಾತ್ರೆಯದ್ದು, ನಮ್ಮ ಮನೆಗೆ ಬಂದದ್ದು, ಎಲ್ಲ ಸುಣ್ಣದ ಕಲೆ ಹತ್ತಿಸಿಕೊಂಡು ಅಲ್ಲೇ ಬಿದ್ದಿವೆ. ಅಕ್ಷರ ಅಳಿಸಿಹೋಗಿ ಬರೀ ಬಿಳಿ ಕಾಗದ ಉಳಿದದ್ದನ್ನೂ ಬಿಡುವುದಿಲ್ಲ. "ಚೆಕಿಂಗ್‌ದವ್ರು ಬಂದ್ರ?" ಅಂತಾಳೆ, ನಮ್ಮ ಅಡುಗೆಮನೆಯಲ್ಲಿ ಕೂತು.

ಅಪ್ಪನಿಗೆ ಸಂಕಟ ಬೇರೆ. ಅರವತ್ತು ದಾಟಿದವರಿಗೆ ಟಿಕೆಟ್ಟಿನಲ್ಲಿ ಕಾಲುಭಾಗ ಬಿಡುತ್ತಾರೆ. "ನಿಮ್ಮವ್ವಗ ಪೂರಾ ಮಾಫ್, ನಂಗ ಚಾರಾಣೆ ಮಾಫ್" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಆದರೆ ಆ ಚಾರಾಣೆಯನ್ನು ಒಮ್ಮೆಯೂ ಬಿಟ್ಟವನಲ್ಲ.

ಭಾನುವಾರ ಬೆಳಿಗ್ಗೆ ಕೋಟೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ವಾರವಿಡೀ ಆಫೀಸಿನಲ್ಲಿ ದುಡಿದು, ಒಂದು ದಿನದ ನಿದ್ದೆಯನ್ನೂ ಬಿಟ್ಟು ಹೇಳಿದ ಮಾತು. ಐದು ಗಂಟೆಗೇ ಎದ್ದು ಬಾಲ್ಕನಿಯಲ್ಲಿ ಕೆಮ್ಮುವವರ ನಡುವೆ ನಿದ್ದೆ ಹೇಗೂ ಉಳಿದಿರಲಿಲ್ಲ, ಅದು ಬೇರೆ ಮಾತು. "ಕ್ವಾಟಿ ಎಲ್ಲಿ ಓಡಿ ಹೋಗ್ತದ? ಮುಂದಿನ ಸಲ ನೋಡಿದ್ರಾತು" ಅಂದ ಅಪ್ಪ. ಅದರೊಳಗಿನ ಜಾಮಿ ಮಸೀದಿ 1367ರಿಂದ ಅಲ್ಲೇ ನಿಂತಿದೆ. ಹೀಗಾಗಿ ಈ ವಾದಕ್ಕೆ ಎದುರು ಹೇಳುವುದು ಕಷ್ಟ. "ತೊಗರಿಗೆ ಕೀಡಿ ಬಿದ್ದದ, ಎಣ್ಣಿ ಹೊಡಿಬೇಕು" ಎಂದು ಮೇಲೊಂದು ಸೇರಿಸಿದ. ಭಾನುವಾರ ರಾತ್ರಿ ಊರು ಮುಟ್ಟಿ ಕತ್ತಲಲ್ಲಿ ಯಾವ ಕೀಡೆಗೆ ಎಣ್ಣೆ ಹೊಡೆಯುತ್ತಾನೋ! ನನ್ನ ಗಂಡ "ಇರ್ರಿ ಮಾವ, ಸೋಮವಾರ ಹೋಗಾಕಂತ್ರಿ" ಎಂದು ಎರಡು ಸಲ ಅಂದು ಪೇಪರ್ ಹಿಡಿದು ಕೂತ. ಮೂರನೇ ಸಲ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮಧ್ಯಾಹ್ನ ರೊಟ್ಟಿ ತಾಟಿಗೆ ಬೀಳುವ ಹೊತ್ತಿಗೇ ಅಪ್ಪ ಟೋಪಿ ಹಾಕಿಕೊಂಡಿದ್ದ. ಅವಸರದಲ್ಲಿ ಉಂಡು, ಬಸ್ ಸ್ಟ್ಯಾಂಡ್ ಮುಟ್ಟಿದೆವು. ಹುಮನಾಬಾದಿನದು ಬಂತು. ಕಿಟಕಿ ಸೀಟಿಲ್ಲ, ಬ್ಯಾಡ. ಬೀದರಿನದು ಬಂತು. ಹಿಂದಿನ ಸೀಟು ಎತ್ತಿ ಒಗಿತದ, ಬ್ಯಾಡ. ಇನ್ನೊಂದು ಬಂತು, ಅದರ ಡ್ರೈವರ್ ನೋಡಲಿಕ್ಕೆ ಭಾಳ ಸಣ್ಣ ಹುಡುಗ. ಹಾಗಾದರೆ ಮನೆಯಲ್ಲಿ ಸಮಾಧಾನದಿಂದ ಇನ್ನೊಂದು ರೊಟ್ಟಿ ಉಣ್ಣಬಹುದಿತ್ತಲ್ಲ ಅಂದೆ, ದನಿ ಸ್ವಲ್ಪ ಏರಿತ್ತು. ಪಕ್ಕದವರು ತಿರುಗಿ ನೋಡಿದರು. "ಬರ್ತಾವ ತಡಿ, ಅರ್ಜೆಂಟ್ ಏನದ?" ಅಂದ ಅಪ್ಪ.

ಕಡೆಗೆ ಒಂದಕ್ಕೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದು ಹೋದರು. ಊರು ಮುಟ್ಟಿ ಅವ್ವನ ಫೋನು: ಅಪ್ಪನ ವೋಟರ್ ಕಾರ್ಡ್ ನಮ್ಮನೆ ಫ್ರಿಜ್ ಮೇಲೆ ಉಳಿದಿದೆ, ಕಾರ್ಡಿಲ್ಲದ್ದಕ್ಕೆ ಕಂಡಕ್ಟರ್ ಪೂರಾ ಟಿಕೆಟ್ ಹರಿದಿದ್ದಾನೆ, ದಾರಿಯುದ್ದಕ್ಕೂ ಜಗಳ. ಈಗ ದಿನಾ ಅಪ್ಪನ ಫೋನು, ಕೊರಿಯರ್ ಮಾಡು ಅಂತ. ಕೊರಿಯರ್‌ದವರ ಮ್ಯಾಲ ನಂಗ ಭರವಸಿ ಇಲ್ಲ, ಬಂದು ಒಯ್ಯಿ ಅಂದೀನಿ.