ತಳಿಯ ಪಟ್ಟಿ ಬೇಡ, ಸಾಕುವವನ ಹೊಣೆ ಬೇಕು

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆಯು 23 ತಳಿಗಳ ನಾಯಿಗಳನ್ನು ಸಾಕುವುದಕ್ಕಾಗಲಿ, ಮಾರುವುದಕ್ಕಾಗಲಿ ಪರವಾನಗಿ ಕೊಡಬಾರದೆಂದೂ, ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದೂ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್, ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂದು ಅದನ್ನು ರದ್ದುಪಡಿಸಿತು. ಕೆಲವೇ ದಿನಗಳಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ತಳ್ಳಿಹಾಕಿತು. ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ತೋಟ ಮಾಡಿಕೊಂಡು, ಎಂದೂ ನಾಯಿಯಿಲ್ಲದ ಮನೆಯಲ್ಲಿ ಬದುಕದ ನನಗೆ ಆ ತೀರ್ಪು ಸರಿಯೆಂದೇ ತೋರಿತು.

ಆ ಪಟ್ಟಿಯನ್ನೊಮ್ಮೆ ಓದಿ ನೋಡಬೇಕು. ಪಿಟ್‌ಬುಲ್, ರಾಟ್‌ವೀಲರ್‌ಗಳ ಜೊತೆಗೆ ನಮ್ಮ ನಾಡಿನಲ್ಲಿ ಯಾರೂ ಕಣ್ಣಾರೆ ಕಾಣದ ತಳಿಗಳೂ ಅದರಲ್ಲಿವೆ. ಜಪಾನಿನ ಟೋಸಾ ಎರಡು ಕಡೆ ಬರುತ್ತದೆ. 'ಟೆರಿಯರ್‌ಗಳು' ಎಂದಷ್ಟೇ ಬರೆದಿರುವುದರಿಂದ ಮಡಿಲಲ್ಲಿ ಕೂರಿಸಿಕೊಳ್ಳುವ ಪುಟ್ಟ ನಾಯಿಯೂ ಅಪಾಯಕಾರಿಗಳ ಸಾಲಿಗೆ ಸೇರುತ್ತದೆ. ಬ್ರಿಟನ್ 1991ರ ಕಾಯ್ದೆಯಲ್ಲಿ ನಾಲ್ಕು ತಳಿಗಳನ್ನು ನಿಷೇಧಿಸಿತು. ಮೂರು ದಶಕ ಕಳೆದ ಮೇಲೆ ಎಕ್ಸ್‌ಎಲ್ ಬುಲ್ಲಿ ಎಂಬ ಇನ್ನೊಂದನ್ನು ಸೇರಿಸಬೇಕಾಯಿತು. ಒಂದು ಹೆಸರನ್ನು ನಿಷೇಧಿಸಿದರೆ ಜನ ಇನ್ನೊಂದು ಹೆಸರಿನ ಮರಿಯನ್ನು ಹುಟ್ಟಿಸಿಕೊಳ್ಳುತ್ತಾರೆ.

ಕೇರಳದ ಕ್ರಮ ಬೇರೆ. ಇಲ್ಲಿನ ಪಂಚಾಯತ್‌ಗಳಿಗೆ 1998ರ ನಿಯಮಾವಳಿಯೊಂದಿದೆ. ಅದರಂತೆ ಯಾವ ತಳಿಯದಾದರೂ ಸರಿ, ನಾಯಿ ಸಾಕುವವನು ಮೊದಲು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಆ ಸರ್ಟಿಫಿಕೇಟ್ ತೋರಿಸಿ ಲೈಸೆನ್ಸ್ ಪಡೆಯಬೇಕು. ಗಡಿಯಾಚೆ ನಂಟರ ಊರುಗಳಿಗೆ ಹೋದಾಗ ಇಂಥದ್ದೊಂದು ಕಾಗದವನ್ನು ಹಳ್ಳಿಯ ಮನೆಯಲ್ಲಿ ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ರೋಗಕ್ಕೆ ತಳಿಯಿಲ್ಲ, ತೋಟ ಕಾಯುವ ಊರ ನಾಯಿ ಕಚ್ಚಿದರೂ ಅದೇ ಭಯ, ಅದೇ ಆಸ್ಪತ್ರೆ, ಅದೇ ಚುಚ್ಚುಮದ್ದಿನ ಸರದಿ. ಆದ್ದರಿಂದ ಎಲ್ಲ ನಾಯಿಗಳನ್ನೂ ಲೆಕ್ಕಕ್ಕೆ ತರುವ ಕೇರಳದ ನಿಯಮವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ನಿಯಮ ಇದ್ದರೆ ಸಾಲದು. ನಮ್ಮ ಭಾಗದಲ್ಲಿ ಅರ್ಜಿಯ ನಮೂನೆ ಮಲೆಯಾಳದಲ್ಲಿ ಮಾತ್ರ ಸಿಕ್ಕಿ, ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಅದನ್ನು ಹಾಗೆಯೇ ಮಡಚಿಟ್ಟದ್ದನ್ನು ನೋಡಿದ್ದೇನೆ. ನಿಯಮ ತಲುಪಬೇಕಾದವರಿಗೆ ಓದಲು ಬಾರದ ಕಾಗದದಿಂದ ಯಾರ ರಕ್ಷಣೆಯೂ ಆಗುವುದಿಲ್ಲ.

ದೊಡ್ಡ ನಾಯಿ ಕಚ್ಚಿದರೆ ಗಾಯವೂ ದೊಡ್ಡದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2024ರ ಮೇ ತಿಂಗಳಲ್ಲಿ ಚೆನ್ನೈನ ಪಾರ್ಕೊಂದರಲ್ಲಿ ಕಾವಲುಗಾರನ ಐದು ವರ್ಷದ ಮಗಳ ಮೇಲೆ ಎರಡು ರಾಟ್‌ವೀಲರ್‌ಗಳು ಎರಗಿದ ಸುದ್ದಿ ಓದಿ ಯಾರ ಕರುಳು ಚುರುಕ್ಕೆನ್ನಲಿಲ್ಲ? ಆ ನಾಯಿಗಳನ್ನು ಹಗ್ಗ ಹಾಕದೆ ಬಿಡಲಾಗಿತ್ತು. ನಮ್ಮ ಕಡೆಯೂ ಹೀಗೆಯೇ: ಪೇಟೆಯಿಂದ ದುಬಾರಿ ಬೆಲೆಗೆ ಮರಿ ತಂದು, ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಎರಡು ಮಾರು ಸರಪಳಿಯಲ್ಲಿ ಬಿಸಿಲಿಗೆ ಕಟ್ಟಿಹಾಕಿ, ಯಾರೂ ಮುಟ್ಟಿ ಮಾತನಾಡಿಸದೆ, ರಾತ್ರಿ ಮಾತ್ರ ಬಿಚ್ಚಿ ಬಿಡುತ್ತಾರೆ. ಸರಪಳಿ ಉಜ್ಜಿ ಕೊರಳಿನ ರೋಮ ಉದುರಿದ ಅಂಥ ನಾಯಿ ಹಾಲಿನವನ ಮೇಲೆ ಹಾರಿದರೆ ತಪ್ಪು ತಳಿಯದೆನ್ನುವುದು ನ್ಯಾಯವಲ್ಲ.

ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗಿನ ಸೆರೆ, ಐದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದು ನಾಯಿಯ ಜಾತಿಯನ್ನು ಕೇಳುವುದಿಲ್ಲ, ಒಡೆಯನನ್ನು ಕೇಳುತ್ತದೆ. ಲೈಸೆನ್ಸ್ ಕೊಡುವಾಗಲೇ ಈ ಕಲಮನ್ನು ಓದಿ ಹೇಳಿ, ಗೂಡಿನ ಅಳತೆಯನ್ನೂ ಬೇಲಿಯನ್ನೂ ಬಂದು ನೋಡಿ, ಭಾರೀ ನಾಯಿಗಳನ್ನು ಬೀದಿಗೆ ತರುವಾಗ ಬಾಯಿಕುಕ್ಕೆ ಕಡ್ಡಾಯ ಮಾಡುವುದು ಪಂಚಾಯತ್‌ನಿಂದ ಆಗದ ಕೆಲಸವಲ್ಲ. ಕನ್ನಡದ ನಮೂನೆಯೊಂದಿಗೆ ಇದನ್ನೂ ಮುಂದಿನ ಗ್ರಾಮಸಭೆಯಲ್ಲಿ ಬರೆದುಕೊಡಲಿದ್ದೇನೆ. ಗಡಿಯ ಆಚೆಗಿನ ಪಂಚಾಯತ್‌ಗಳಲ್ಲಿರುವ ಬಂಧುಗಳೂ ಚುಚ್ಚುಮದ್ದಿಗೆ ಜೋಡಿಸಿದ ಲೈಸೆನ್ಸನ್ನು ತಮ್ಮಲ್ಲಿ ಕೇಳಿ ಪಡೆಯಬೇಕು.